ಒಂಬತ್ತು ಡಿಗ್ರಿ ತಿರುಗಿದ ಮನೆ

ನಮ್ಮ ಭಾವನವರು ವಿದ್ಯುತ್ ಕಚೇರಿಯಲ್ಲಿ ಬಿಲ್ಲಿನ ದೂರು ಕೇಳುವ ಕಿಟಕಿಯ ಹಿಂದೆ ಕೂರುವವರು. ಬಿಲ್ಲು ಹೆಚ್ಚು ಬಂತೆಂದು ಜಗಳಕ್ಕೆ ಬರುವವರಿಗೆಲ್ಲ ಅವರು ಕೊಡುವ ಉತ್ತರ ಒಂದೇ: "ಕಂಪ್ಯೂಟರ್ ಹೇಳ್ತಿದೆ, ನಾನೇನು ಮಾಡ್ಲಿ?" ವರ್ಷಗಟ್ಟಲೆ ಈ ಮಾತನ್ನು ಹೇಳಿ ಹೇಳಿ, ಕೇಳಿದವರು ಯಾರೂ ನಂಬದಿದ್ದರೂ ಹೇಳಿದವರು ಮಾತ್ರ ಪೂರ್ತಿ ನಂಬಿಬಿಟ್ಟಿದ್ದರು. ಪರದೆಯ ಮೇಲೆ ಮೂಡಿದ ಅಂಕಿಯ ಎದುರು ಕಣ್ಣಾರೆ ಕಂಡದ್ದೂ ಅವರಿಗೆ ಗಾಳಿಮಾತು. ಇಷ್ಟು ಬಿಟ್ಟರೆ ಬಂಗಾರದಂಥ ಮನುಷ್ಯ. ಅಕ್ಕನೇ ಹಾಗೆನ್ನುತ್ತಾಳೆ, ತಿಂಗಳಲ್ಲಿ ಕೆಲವು ದಿನ.

ನಮ್ಮ ಅಪ್ಪ ಇದಕ್ಕೆ ತದ್ವಿರುದ್ಧ. ಅವರು ಮನೆ ಕಟ್ಟುವ ಮೇಸ್ತ್ರಿ. ತಮ್ಮ ಕಣ್ಣು ಮತ್ತು ದಾರಕ್ಕೆ ಕಟ್ಟಿದ ತೂಕದ ಗುಂಡು, ಇವೆರಡನ್ನು ಬಿಟ್ಟು ಮೂರನೆಯದನ್ನು ನಂಬಿದವರಲ್ಲ. ನಾವಿರುವ ಮೂರಂತಸ್ತಿನ ಕಟ್ಟಡ ಅವರೇ ನಿಂತು ಕಟ್ಟಿದ್ದು. ಕೆಳಗೆ ಅಪ್ಪ ಮತ್ತು ನಾನು, ನಡುವೆ ಅಕ್ಕ ಮತ್ತು ಭಾವ. ಮೇಲಿನದನ್ನು ಕೊಂಡು ಬಂದವರು ನಿವೃತ್ತ ಬ್ಯಾಂಕ್ ಮ್ಯಾನೇಜರು ಮತ್ತು ಅವರ ಮನೆಯವರು. "ಈ ಕಟ್ಟಡ ಅಲ್ಲಾಡಿದ್ರೆ ನನ್ನ ಹೆಸರು ಕರೀಬೇಡಿ" ಎಂದು ಮಾತು ಕೊಟ್ಟು ಅಪ್ಪ ಅವರಿಗೆ ಬೀಗದ ಕೈ ಒಪ್ಪಿಸಿದ್ದರು.

ಸೊಟ್ಟಗಿರುವುದನ್ನು ಕಂಡರೆ ಅಪ್ಪನ ಕೈ ಸುಮ್ಮನಿರುವುದಿಲ್ಲ. ಬಾಗಿಲ ಬಳಿ ಬಿಟ್ಟ ಚಪ್ಪಲಿ, ಮೇಜಿನ ಮೇಲಿನ ಪೇಪರು, ಯಾರೋ ರಸ್ತೆಯಲ್ಲಿ ನಿಲ್ಲಿಸಿಹೋದ ಸ್ಕೂಟರು, ಎಲ್ಲವೂ ನೆಟ್ಟಗಾಗಬೇಕು. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದವರು ಹಾಗೇ ಎದ್ದುಹೋಗಿ, ಗೋಡೆಯ ಮೇಲಿದ್ದ ಡಾಕ್ಟರ ಪದವಿಪತ್ರವನ್ನು ಸರಿಮಾಡಿ ಬಂದು, ಮತ್ತೆ ಬಾಯಿ ತೆರೆದಿದ್ದರು. ಇದನ್ನು ಅವರು ಹೇಳಿ ಮಾಡುವುದಿಲ್ಲ, ಮಾಡಿ ಹೇಳುವುದೂ ಇಲ್ಲ. ನಾವು ಕೆಮ್ಮಿದ್ದನ್ನು ಯಾರಿಗಾದರೂ ತಿಳಿಸುತ್ತೇವೆಯೇ, ಹಾಗೆ.

ಇಂಥ ಇಬ್ಬರ ನಡುವೆ ಆಕಾಶ ಬಂದು ಕೂತದ್ದು ಮ್ಯಾನೇಜರ ಹೊಸ ಫೋನಿನ ದೆಸೆಯಿಂದ. ಒಂದು ಸಂಜೆ ಅವರು ಮೆಟ್ಟಿಲ ಮೇಲೆ ನಮ್ಮೆಲ್ಲರನ್ನೂ ತಡೆದು, ತಾವು ತೆಗೆದ ಚಂದ್ರನ ಫೋಟೊ ತೋರಿಸಿದರು. ಎಲ್ಲರೂ ಚೆನ್ನಾಗಿದೆ ಎಂದೆವು. ಭಾವ ಅಷ್ಟಕ್ಕೇ ಬಿಡಬಹುದಿತ್ತು.

"ಚಂದ್ರನ್ನ ಯಾರು ಬೇಕಾದ್ರೂ ತೆಗೀತಾರೆ ಸಾರ್" ಎಂದರು. "ನಾನು ನೀಹಾರಿಕೆ ತೆಗೀಬೇಕು ಅಂತಿದೀನಿ."

"ಏನದು?"

"ನಕ್ಷತ್ರಗಳು ಹುಟ್ಟೋ ಜಾಗ. ಹಾಲಿನ ಗೋಡೆಗೆ ಹಾಕ್ತೀನಿ, ಬಂದು ನೋಡಿ."

ಆ ಪದವನ್ನು ಭಾವ ಅಂದು ಬೆಳಿಗ್ಗೆಯಷ್ಟೇ ಪೇಪರಿನಲ್ಲಿ ಓದಿದ್ದರೆಂಬುದು ಅಕ್ಕನಿಗೂ ನನಗೂ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ಅಳಿಯ ಏನೋ ದೊಡ್ಡದಕ್ಕೆ ಕೈ ಹಾಕಿದ್ದಾರೆಂದು ಹಿಗ್ಗಿ, ಆಗಲೇ ಸುತ್ತಿಗೆ ತಂದು, ಅಕ್ಕನ ಹಾಲಿನ ಗೋಡೆಯ ನಟ್ಟನಡುವೆ ಅಳತೆ ಮಾಡಿ ಮೊಳೆ ಹೊಡೆದರು. ಬರಿಯ ಮೊಳೆ ದಿನವೂ ಕಣ್ಣಿಗೆ ಬೀಳುತ್ತಿದ್ದರೆ ಯಾವ ಗಂಡಸು ತಾನೇ ಸುಮ್ಮನಿದ್ದಾನು? ಭಾವ ಯಾರೋ ಬಳಸಿ ಬಿಟ್ಟ ದೂರದರ್ಶಕವೊಂದನ್ನು ಅದರ ಭಾರವಾದ ಮೂರು ಕಾಲಿನ ಸ್ಟ್ಯಾಂಡಿನ ಸಮೇತ ಕೊಂಡು ತಂದರು.

ಮೊದಲ ಫೋಟೊದಲ್ಲಿ ನಕ್ಷತ್ರಗಳು ಚುಕ್ಕೆಗಳಾಗಿ ಬರಲಿಲ್ಲ. ಒಂದೊಂದೂ ಚಿಕ್ಕ ಗೀಟಾಗಿ ಎಳೆದುಕೊಂಡಿತ್ತು.

"ಜೀರಿಗೆ ಚೆಲ್ಲಿದ ಹಾಗಿದೆ" ಎಂದಳು ಅಕ್ಕ. "ಇದನ್ನ ಅಡುಗೆಮನೇಲಿ ಹಾಕೋಣ."

ತಪ್ಪು ಎಲ್ಲಿದೆಯೆಂದು ಭಾವ ವಾರವಿಡೀ ಓದಿ ಕಂಡುಹಿಡಿದರು. ಊಟದ ಹೊತ್ತಿನಲ್ಲಿ ಅದನ್ನು ಅಪ್ಪನಿಗೆ ವಿವರಿಸಿದರು.

"ಭೂಮಿ ತಿರುಗ್ತಿರುತ್ತಲ್ಲ ಮಾವ, ಅದಕ್ಕೇ ನಕ್ಷತ್ರ ಜರುಗಿದ ಹಾಗೆ ಕಾಣೋದು. ನಾವು ಅದನ್ನ ಹಿಂಬಾಲಿಸಬೇಕು ಅಂದ್ರೆ, ಭೂಮಿಯ ಅಚ್ಚು ಯಾವ ಕಡೆಗಿದೆಯೋ ನಮ್ಮ ಸ್ಟ್ಯಾಂಡಿನ ಅಚ್ಚೂ ಅದೇ ಕಡೆಗಿರ್ಬೇಕು. ಧ್ರುವ ನಕ್ಷತ್ರದ ಹತ್ತಿರಕ್ಕೆ."

"ಅಂದ್ರೆ ನೆಟ್ಟಗಿರ್ಬೇಕು ಅನ್ನಿ."

"ಹೌದು ಮಾವ. ಕೂದಲೆಳೆಯಷ್ಟೂ ಸೊಟ್ಟ ಇರಬಾರ್ದು."

"ಅಷ್ಟೇ ತಾನೆ" ಎಂದರು ಅಪ್ಪ, ಭಾವನ ತಟ್ಟೆಯ ಪಕ್ಕದ ಲೋಟವನ್ನು ಅರ್ಧ ಬೆರಳು ಆಚೆ ಸರಿಸಿ.

ಧ್ರುವ ನಕ್ಷತ್ರವನ್ನು ನೋಡಿ ಸ್ಟ್ಯಾಂಡ್ ನಿಲ್ಲಿಸೋಣವೆಂದರೆ ಅದು ನಮ್ಮ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಅಡಗಿತ್ತು. ಅದಕ್ಕೂ ಉಪಾಯವಿತ್ತು. ದೂರದರ್ಶಕಕ್ಕೆ ಕ್ಯಾಮೆರಾ ಸಿಕ್ಕಿಸಿ, ಕಾಣುವಷ್ಟು ಆಕಾಶದ ಒಂದು ಫೋಟೊ ತೆಗೆಯಬೇಕು. ಅಚ್ಚಿನ ಸುತ್ತ ಸ್ವಲ್ಪ ತಿರುಗಿಸಿ ಇನ್ನೊಂದು, ಮತ್ತೆ ತಿರುಗಿಸಿ ಮತ್ತೊಂದು. ಲ್ಯಾಪ್‌ಟಾಪಿನಲ್ಲಿರುವ ಸಾಫ್ಟ್‌ವೇರ್ ಆ ಫೋಟೊಗಳಲ್ಲಿರುವ ನಕ್ಷತ್ರಗಳ ಗುರುತು ಹಿಡಿದು, ಸ್ಟ್ಯಾಂಡಿನ ಅಚ್ಚು ಯಾವ ಕಡೆಗಿದೆ, ಎಷ್ಟು ತಪ್ಪಿದೆ ಎಂದು ಲೆಕ್ಕ ಹಾಕಿ ಹೇಳುತ್ತದೆ. ತಪ್ಪಿದ್ದರೆ ಕೆಂಪು ಬಾಣ, ಸರಿಯಾದರೆ ಹಸಿರು ವೃತ್ತ. ಭಾವ ಇದನ್ನು ಕೇಳಿದಾಗಿನಿಂದ ಪುಳಕಿತರಾಗಿದ್ದರು. ಆಕಾಶದ ಬಗ್ಗೆಯೂ ಕಂಪ್ಯೂಟರೇ ಹೇಳುತ್ತದೆಂದ ಮೇಲೆ ಇನ್ನೇನು ಬೇಕು?

ಮೊದಲ ಸಂಜೆ ಬಾಣ "ಎಡಕ್ಕೆ ಒಂಬತ್ತು ಡಿಗ್ರಿ" ಎಂದಿತು. ಭಾವ ಸ್ಟ್ಯಾಂಡಿನ ಕಾಲುಗಳನ್ನೇ ಎತ್ತಿ ತಿರುಗಿಸಿ, ಆಮೇಲೆ ತಿರುಪುಗಳನ್ನು ಎಳ್ಳಷ್ಟು ಎಳ್ಳಷ್ಟಾಗಿ ತಿರುವಿ, ಕೊನೆಗೆ ಹಸಿರು ವೃತ್ತ ತರಿಸಿದರು. ಅಷ್ಟರಲ್ಲಿ ಮೋಡ ಬಂತು. ದೂರದರ್ಶಕವನ್ನೂ ಕ್ಯಾಮೆರಾವನ್ನೂ ಬಿಚ್ಚಿಕೊಂಡು, ಭಾರವಾದ ಸ್ಟ್ಯಾಂಡಿಗೆ ಹಳೆಯ ಬೆಡ್‌ಶೀಟ್ ಹೊದಿಸಿ ಇಳಿದು ಬಂದರು.

ಮರುದಿನ ಸಂಜೆ ಮತ್ತೆ ಫೋಟೊ ತೆಗೆದರೆ, "ಎಡಕ್ಕೆ ಒಂಬತ್ತು ಡಿಗ್ರಿ." ಸರಿಮಾಡುವಷ್ಟರಲ್ಲಿ ಮತ್ತೆ ಮೋಡ ಬಂತು. ಅದರ ಮರುದಿನವೂ ಒಂಬತ್ತು. ಈ ಬಾರಿ ಭಾವ ಸ್ಟ್ಯಾಂಡಿನ ಮೂರು ಕಾಲುಗಳ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿ ಬಂದರು. ಮರುದಿನ ಗುರುತೇ ಇರಲಿಲ್ಲ, ಒಂಬತ್ತು ಡಿಗ್ರಿ ಮಾತ್ರ ಇತ್ತು.

"ಇಬ್ಬನಿಗೆ ಅಳಿಸಿರ್ಬೇಕು" ಎಂದು ಸೀಮೆಸುಣ್ಣದ ವಿಷಯವನ್ನು ಅವರು ಅಲ್ಲಿಗೇ ಕೈಬಿಟ್ಟರು. ದೊಡ್ಡ ಸಂಶೋಧಕರು ಸಣ್ಣ ವಿಷಯಗಳಿಗೆ ಸಮಯ ಹಾಳುಮಾಡುವುದಿಲ್ಲ.

ಅಂದು ಊಟಕ್ಕೆ ಕೂತಾಗ ಅವರ ಮುಖ ಗಂಭೀರವಾಗಿತ್ತು. ಅಪ್ಪ ಆಗಲೇ ಉಂಡು ಕೆಳಗಿಳಿದಿದ್ದರು.

"ಯೋಚನೆ ಮಾಡಿ ನೋಡ್ದೆ" ಎಂದರು ಭಾವ. "ಅಷ್ಟು ಭಾರದ ಸ್ಟ್ಯಾಂಡು ತಾನಾಗಿ ತಿರುಗಲ್ಲ. ಭೂಮಿಯ ಅಚ್ಚು ತಿರುಗಿದ್ರೆ ಪೇಪರಲ್ಲಿ ಬಂದಿರೋದು. ಇವೆರಡನ್ನ ಬಿಟ್ರೆ ಉಳಿಯೋದು ಒಂದೇ."

"ಏನು?" ಎಂದೆ.

"ಕಟ್ಟಡ."

ಅಕ್ಕ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ರೀ, ದಿನಾ ಒಂಬತ್ತು ಡಿಗ್ರಿ ಅಂದ್ರೆ ಇಷ್ಟೊತ್ತಿಗೆ ನಮ್ಮ ಮುಂಬಾಗಿಲು ಹಿಂದಿನ ಗಲ್ಲಿ ಕಡೆ ಹೊರಟಿರ್ಬೇಕಿತ್ತಲ್ಲ."

"ಬಿಸಿಲಿಗೆ ಹಿಗ್ಗಿ ತಿರುಗುತ್ತೆ, ತಂಪಿಗೆ ಕುಗ್ಗಿ ವಾಪಸ್ ಬರುತ್ತೆ" ಎಂದರು ಭಾವ, ಆಗಷ್ಟೇ ಹೊಳೆದದ್ದನ್ನು ತುಂಬ ದಿನದಿಂದ ಗೊತ್ತಿದ್ದವರ ಹಾಗೆ. "ನಂಗೇನೂ ಸಂತೋಷ ಇಲ್ಲ. ಕಂಪ್ಯೂಟರ್ ಹೇಳ್ತಿದೆ."

ಈ ಮಾತು ನಮ್ಮ ಮೂವರಲ್ಲೇ ಉಳಿಯಬೇಕಿತ್ತು. ಆದರೆ ಮರುದಿನ ಮೆಟ್ಟಿಲ ಮೇಲೆ ಮ್ಯಾನೇಜರು, "ಏನ್ರೀ, ಬಂತಾ ನಿಮ್ಮ ನೀಹಾರಿಕೆ?" ಎಂದು ಕಾಲೆಳೆದರು. ಭಾವನಿಗೆ ತಡೆಯಲಾಗಲಿಲ್ಲ. ನೀಹಾರಿಕೆ ಬರದಿರಲು ಕಾರಣವೇನೆಂದು ಹೇಳಿಬಿಟ್ಟರು.

ಮ್ಯಾನೇಜರು ಸಾಲ ಕೇಳಿ ಬಂದವರನ್ನು ಜೀವನಪೂರ್ತಿ ಅನುಮಾನಿಸಿದ ಮನುಷ್ಯ. ಈಗ ಮನೆಯನ್ನೇ ಅನುಮಾನಿಸಲು ಕೂತರು. ಬಚ್ಚಲಮನೆಯ ಬಾಗಿಲು ಎರಡು ಸಲ ತಳ್ಳಿದರೆ ಮಾತ್ರ ಮುಚ್ಚುವುದು ನೆನಪಾಯಿತು. ಹಾಲಿನ ನೆಲದ ನಡುವೆ ನಿಂಬೆಹಣ್ಣು ಇಟ್ಟು ನೋಡಿದರು. ಅದು ಉರುಳಲಿಲ್ಲ. ಯಾಕೆ ಉರುಳಲಿಲ್ಲ ಎಂಬುದು ಅವರಿಗೆ ಹೊಸ ಚಿಂತೆಯಾಯಿತು.

"ಅದಕ್ಕೇ ನಂಗೆ ಬೆಳಿಗ್ಗೆ ಎದ್ದ ತಕ್ಷಣ ತಲೆ ಸುತ್ತೋದು" ಎಂದರು ಅವರ ಮನೆಯವರು. "ಡಾಕ್ಟ್ರು ರಕ್ತ ಕಡಿಮೆ ಅಂತಾರೆ. ರಕ್ತ ಅಲ್ಲ, ಮನೆ."

ಎದುರಿನ ಅಂಗಡಿಯ ದರ್ಜಿ, ನಮ್ಮ ಬಾಲ್ಕನಿ ಮೊದಲು ತನ್ನ ಹೊಲಿಗೆ ಯಂತ್ರಕ್ಕೆ ಎದುರಾಗಿ ಇತ್ತೆಂದೂ ಈಗ ಕತ್ತರಿಸುವ ಮೇಜಿಗೆ ಎದುರಾಗಿ ಬಂದಿದೆಯೆಂದೂ ಸಾಕ್ಷಿ ಹೇಳಿದ. ಆತ ಯಂತ್ರ ಮತ್ತು ಮೇಜಿನ ಜಾಗ ಅದಲು ಬದಲು ಮಾಡಿದ್ದನ್ನು ಯಾರೂ ಜ್ಞಾಪಿಸಲಿಲ್ಲ. ಎಲ್ಲಿಂದಲೋ ಸುದ್ದಿ ತಿಳಿದು ನಮ್ಮ ಸೋದರತ್ತೆ ಫೋನ್ ಮಾಡಿದರು.

"ನಿಧಾನಕ್ಕೆ ತಿರುಗ್ತಿದೆಯೋ, ಜೋರಾಗೋ?"

"ಇಲ್ಲ ಅತ್ತೆ, ಹಾಗೇನಿಲ್ಲ."

"ಜೋರಾದ್ರೆ ಎಲ್ರೂ ಇಲ್ಲಿಗೇ ಬಂದ್ಬಿಡಿ. ಹಾಸಿಗೆ ತರ್ಬೇಡಿ, ಇದೆ."

ಅಪ್ಪನ ಕಿವಿಗೆ ಮಾತ್ರ ಬೀಳದಂತೆ ಅಕ್ಕ ಎಚ್ಚರ ವಹಿಸಿದ್ದಳು. ಅವರು ಅದನ್ನು ಕ್ಷೌರದಂಗಡಿಯಲ್ಲಿ ಕೇಳಿದರು. ಮೇಸ್ತ್ರಿ ಕಟ್ಟಿದ ಮನೆ ತಿರುಗುತ್ತಿದೆಯಂತೆ, ಅದನ್ನು ಕಂಡುಹಿಡಿದವರು ಅವರ ಅಳಿಯಂದಿರೇ ಅಂತೆ. ಮುಖದ ಒಂದು ಕಡೆ ಬೋಳಿಸಿ, ಇನ್ನೊಂದು ಕಡೆ ನೊರೆ ಹಾಗೇ ಇರುವಾಗ ಅಪ್ಪ ಎದ್ದು ಮನೆಗೆ ಬಂದರು.

ಯಾರ ಮೇಲೂ ರೇಗಲಿಲ್ಲ. ಪೆಟ್ಟಿಗೆಯಿಂದ ತೂಕದ ಗುಂಡು ತೆಗೆದರು. ನನ್ನನ್ನು ತಾರಸಿಗೆ ಕಳಿಸಿ ನಾಲ್ಕು ಮೂಲೆಗಳಿಂದಲೂ ದಾರ ಇಳಿಬಿಡಿಸಿದರು. ಕೆಳಗೆ ನಿಂತು ಒಂದು ಕಣ್ಣು ಮುಚ್ಚಿ, ಗೋಡೆಗೂ ದಾರಕ್ಕೂ ನಡುವಿನ ಸಂದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಎಲ್ಲಿಯೂ ಒಂದು ದಾರದಷ್ಟೂ ವ್ಯತ್ಯಾಸವಿರಲಿಲ್ಲ. ನೊರೆ ಒಣಗಿದ ಕೆನ್ನೆಯಲ್ಲೇ ನಡುವಿನ ಮನೆಗೆ ಹತ್ತಿ ಬಂದು, ಆ ಗುಂಡನ್ನು ಭಾವನ ಮುಂದೆ ಹಿಡಿದರು.

"ಅಳಿಯಂದ್ರೇ, ಬಂದು ನೋಡಿ. ಎಲ್ಲಿ ತಪ್ಪಿದೆ ಹೇಳಿ."

ಭಾವನಿಗೆ ಬೆವರಿತು. "ಮಾವ, ಗುಂಡು ಗೋಡೆ ವಾಲಿದ್ರೆ ಹೇಳುತ್ತೆ. ತಿರುಗಿದ್ರೆ ಹೇಳಲ್ಲ." ಅಲ್ಲಿಗೇ ನಿಲ್ಲಿಸಬಹುದಿತ್ತು. ಅಭ್ಯಾಸ ಬಿಡಲಿಲ್ಲ. "ಕಂಪ್ಯೂಟರ್ ಹೇಳ್ತಿದೆ, ನಾನೇನು ಮಾಡ್ಲಿ?"

ಅಪ್ಪ ದಾರವನ್ನು ಗುಂಡಿಗೆ ನಿಧಾನವಾಗಿ ಸುತ್ತಿದರು. "ನಾನು ಕಟ್ಟಿದ್ದೇ ಸರಿಯಿಲ್ಲ ಅಂದ್ಮೇಲೆ ನಾನು ಅದರ ಮೇಲೆಲ್ಲ ಓಡಾಡೋದು ಬೇಡ ಬಿಡಿ" ಎಂದು ಇಳಿದುಹೋದರು. ಆ ಮುಖ ನೋಡಿ ನನಗೆ ಭಾವನ ಮೇಲೆ ಸಿಟ್ಟು ಬಂತು. ಭಾವನ ಮುಖ ನೋಡಿದ ಮೇಲೆ ಅದೂ ಹೊರಟುಹೋಯಿತು.

ಅಂದಿನಿಂದ ಅಪ್ಪ ಊಟಕ್ಕೆ ಅಕ್ಕನ ಮನೆಗೆ ಹತ್ತಲಿಲ್ಲ. ಬೆಳಗಿನ ಹೊತ್ತು ತಾರಸಿ ಗುಡಿಸಲೂ ಹೋಗಲಿಲ್ಲ. ತಟ್ಟೆಯನ್ನು ನಾನೇ ಕೆಳಗೆ ತರುತ್ತಿದ್ದೆ, ಅರ್ಧ ಹಾಗೇ ವಾಪಸ್ಸು ಹೋಗುತ್ತಿತ್ತು. ಬಾಗಿಲ ಬಳಿ ಚಪ್ಪಲಿಗಳು ಸೊಟ್ಟಪಟ್ಟ ಬಿದ್ದಿದ್ದವು. ಅಪ್ಪ ಅವನ್ನು ದಾಟಿಕೊಂಡು ಓಡಾಡುತ್ತಿದ್ದರು. ಆ ಚಪ್ಪಲಿ ನೋಡಿ ಅಕ್ಕ ಅತ್ತುಬಿಟ್ಟಳು.

ಇತ್ತ ಮ್ಯಾನೇಜರು ನಗರಸಭೆಗೆ ದೂರು ಕೊಟ್ಟಾಗಿತ್ತು. ಇಂಜಿನಿಯರ್ ಬಂದು ನೋಡಿ ಅಪಾಯವಿದೆ ಎಂದು ಬರೆದರೆ ಕಟ್ಟಡ ಖಾಲಿ ಮಾಡಬೇಕು, ಅಪ್ಪನ ಹೆಸರು ಅಲ್ಲಿಗೆ ಮುಗಿಯಿತು. ಅಪ್ಪ ಮುನಿಸಿಕೊಂಡ ಸಂಜೆ ಇನ್ನೊಂದು ಸಲ ಸ್ಟ್ಯಾಂಡನ್ನು ಹಸಿರಿಗೆ ತಂದು ಇಳಿದ ಭಾವ, ಆಮೇಲೆ ದೂರದರ್ಶಕವನ್ನು ಮುಟ್ಟಲಿಲ್ಲ. ಒಂದು ಸಂಜೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಕಂಪ್ಯೂಟರ್ ತಪ್ಪು ಹೇಳಿದ್ರೆ ಎಷ್ಟು ಚೆನ್ನಾಗಿರುತ್ತಲ್ವಾ" ಎಂದರು. ಅವರ ಬಾಯಲ್ಲಿ ಆ ಮಾತು ಬರಬೇಕಾದರೆ ಎಷ್ಟು ನೊಂದಿರಬೇಕು.

ಇಂಜಿನಿಯರ್ ಮೇಡಂ ಬಂದದ್ದು ಕಚೇರಿ ಮುಗಿಸಿಕೊಂಡು, ಸಂಜೆಗತ್ತಲಿಗೆ. ವಾಲಿದ ಕಟ್ಟಡ ನೋಡಿದ್ದರು, ಬಿರುಕು ಬಿಟ್ಟ ಕಟ್ಟಡ ನೋಡಿದ್ದರು. ತಿರುಗುವ ಕಟ್ಟಡಕ್ಕೆ ಅವರ ಇಲಾಖೆಯಲ್ಲಿ ವಿಭಾಗವೇ ಇರಲಿಲ್ಲ.

"ಎಲ್ಲಿ, ತೋರಿಸಿ" ಎಂದರು, ದಣಿದ ದನಿಯಲ್ಲಿ.

ತಾರಸಿಯಲ್ಲಿ ನಾವೆಲ್ಲ ಸುತ್ತ ನಿಂತೆವು. ಭಾವ ಬೆಡ್‌ಶೀಟ್ ತೆಗೆದು, ದೂರದರ್ಶಕ ಕೂರಿಸಿ, ಒಂದು ಫೋಟೊ ತೆಗೆದರು. ತಿರುಗಿಸಿ ಇನ್ನೊಂದು. ಮತ್ತೊಂದು. ಸಾಫ್ಟ್‌ವೇರ್ ಯೋಚಿಸಿತು. ಮ್ಯಾನೇಜರ ಮನೆಯವರು ಮುಂಜಾಗ್ರತೆಗೆ ಟ್ಯಾಂಕಿನ ಕಂಬ ಹಿಡಿದುಕೊಂಡರು.

ಪರದೆಯ ಮೇಲೆ ಹಸಿರು ವೃತ್ತ ಮೂಡಿತು.

ಭಾವ ನಂಬದೆ ಮತ್ತೊಮ್ಮೆ ಮೂರೂ ಫೋಟೊ ತೆಗೆದರು. ಮತ್ತೂ ಹಸಿರು. ಎಷ್ಟೋ ದಿನದ ಹಿಂದೆ ನಿಲ್ಲಿಸಿದ ಸ್ಟ್ಯಾಂಡು ನಿಲ್ಲಿಸಿದ ಹಾಗೇ ಇತ್ತು.

"ನಿಂತಿದೆ ಸಾರ್" ಎಂದರು ಮ್ಯಾನೇಜರ ಕಡೆ ತಿರುಗಿ, ಅಳುವಷ್ಟು ಸಂತೋಷದಲ್ಲಿ. "ಮನೆ ನಿಂತಿದೆ."

"ಈಗ ನಿಂತಿದೆ ಅಂದ್ರೆ ಮೊದಲು ತಿರುಗ್ತಿತ್ತು ಅಂತಾಯ್ತಲ್ಲ" ಎಂದರು ಮ್ಯಾನೇಜರು. "ಇವರು ಬಂದಿದ್ದಾರೆ ಅಂತ ಗೊತ್ತಾಗಿ ಸುಮ್ನಿದೆ ಅಷ್ಟೆ. ಈ ಥರದ ಗಿರಾಕಿಗಳನ್ನ ನಾನು ಬ್ಯಾಂಕಲ್ಲಿ ಎಷ್ಟು ನೋಡಿಲ್ಲ."

ಭಾವನಿಗೆ ಅದೊಂದೂ ಕೇಳಿಸಲಿಲ್ಲ. "ಮಾವನ್ನ ಕರ್ಕೊಂಡು ಬಾ. ಅವರು ಕಣ್ಣಾರೆ ನೋಡ್ಲಿ" ಎಂದು ನನ್ನನ್ನು ಓಡಿಸಿದರು.

ಅಪ್ಪ ಮೊದಲು ಬರಲೊಪ್ಪಲಿಲ್ಲ. ನಗರಸಭೆಯವರು ಕರೆಯುತ್ತಿದ್ದಾರೆಂದು ಹೇಳಿದ ಮೇಲೆ ಅಂಗಿಯ ಗುಂಡಿ ಹಾಕಿಕೊಂಡು, ತೀರ್ಪು ಕೇಳಲು ಹೋಗುವವರ ಹಾಗೆ ಮೆಟ್ಟಿಲು ಹತ್ತಿದರು. ತಾರಸಿಗೆ ಕಾಲಿಟ್ಟು ಮೇಡಮ್ಮಿಗೆ ನಮಸ್ಕಾರ ಮಾಡಿದರು. ಭಾವ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ಕ್ಯಾಮೆರಾ ಒಂದಾದ ಮೇಲೊಂದು ಫೋಟೊ ತೆಗೆಯುತ್ತಿರುವಂತೆ ಬಿಟ್ಟು, "ನೋಡಿ ಮಾವ, ಹಸಿರು. ನಿಮ್ಮ ಮನೆ ಒಂದು ಕೂದಲಷ್ಟೂ ಅಲ್ಲಾಡಿಲ್ಲ" ಎಂದರು.

ಅಪ್ಪ ಪರದೆಯನ್ನು ನೋಡಲಿಲ್ಲ. ಅವರ ಕಣ್ಣು ಸ್ಟ್ಯಾಂಡಿನ ಕಾಲಿನ ಮೇಲೆ ನೆಟ್ಟಿತ್ತು. ಅಲ್ಲಿಂದ ತಾರಸಿಯ ಅಂಚಿನ ಮೋಟುಗೋಡೆಗೆ ಹೋಯಿತು. ಮತ್ತೆ ಕಾಲಿಗೆ ಬಂತು. ಕತ್ತು ತುಸು ಓರೆಯಾಯಿತು. ನಾವೆಲ್ಲ ನೋಡುತ್ತಿರುವಂತೆಯೇ ಅವರು ಬಗ್ಗಿ, ಮೂರು ಕಾಲಿನ ಆ ಭಾರವನ್ನು ಮೊಣಕಾಲಿನ ಬಲದಿಂದ ಎತ್ತಿ, ಅದರ ಮೋರೆಯನ್ನು ಮೋಟುಗೋಡೆಗೆ ಸಮಕ್ಕೆ ತಿರುಗಿಸಿ ಇಳಿಸಿದರು. ಒಂದು ಕಣ್ಣು ಮುಚ್ಚಿ ನೋಡಿದರು. ಕೈ ಕೊಡವಿಕೊಂಡರು.

ಲ್ಯಾಪ್‌ಟಾಪು ಕೆಂಪಾಯಿತು. "ಎಡಕ್ಕೆ ಒಂಬತ್ತು ಡಿಗ್ರಿ."

ಮೊದಲು ಮಾತಾಡಿದವರು ಅಪ್ಪನೇ.

"ನೆಟ್ಟಗಿರ್ಬೇಕು ಅಂತ ನೀವೇ ಹೇಳಿದ್ರಲ್ಲ ಅಳಿಯಂದ್ರೇ. ದಿನಾ ಬೆಳಿಗ್ಗೆ ಬಂದು ಗೋಡೆಗೆ ಸರಿಯಾಗಿ ನಿಲ್ಲಿಸಿ ಹೋಗ್ತಿದ್ದೆ. ಮಾರನೇ ದಿನ ನೋಡಿದ್ರೆ ಮತ್ತೆ ಸೊಟ್ಟ. ಬೆಕ್ಕೋ ಏನೋ ಅಂದ್ಕೊಂಡೆ. ಯಾರೋ ಸೀಮೆಸುಣ್ಣದಲ್ಲಿ ನೆಲ ಬೇರೆ ಗೀಚಿದ್ರು, ಅದನ್ನೂ ಒರೆಸ್ದೆ."

ಮ್ಯಾನೇಜರ ಮನೆಯವರು ಕಂಬವನ್ನು ಬಿಟ್ಟರು. ಮೇಡಂ ಪೆನ್ನು ಹಿಡಿದುಕೊಂಡು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. "ಇದನ್ನ ನಾನು ಏನಂತ ಬರೀಲಿ?"

"ಮನೆ ತಿರುಗಲ್ಲ, ಮನೆಯೋರು ತಿರುಗಿಸ್ತಾರೆ ಅಂತ ಬರೀರಿ" ಎಂದಳು ಅಕ್ಕ.

ಭಾವ ಅಪ್ಪನ ಎರಡೂ ಕೈ ಹಿಡಿದುಕೊಂಡರು. "ತಪ್ಪಾಯ್ತು ಮಾವ. ಅದು ಭೂಮಿಗೆ ನೆಟ್ಟಗಿದ್ರೆ ನಮ್ಮ ಗೋಡೆಗೆ ಸೊಟ್ಟವಾಗೇ ಕಾಣ್ಬೇಕು. ನಾನು ಸರಿಯಾಗಿ ಹೇಳ್ಲಿಲ್ಲ."

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಮತ್ತೆ ಬಾಡಿತು. "ಹಾಗಾದ್ರೆ ನನ್ನ ಗೋಡೆ ಒಂಬತ್ತು ಡಿಗ್ರಿ ತಪ್ಪಿದೆ ಅಂತಲೇ ಆಯ್ತಲ್ಲ."

"ಇಲ್ಲ ಮಾವ. ನಿಮ್ಮ ಗೋಡೆ ರಸ್ತೆಗೆ ಸರಿಯಾಗೇ ಇದೆ. ರಸ್ತೇನೇ ಸೊಟ್ಟ."

ಅಪ್ಪ ಮೋಟುಗೋಡೆಯ ಬಳಿ ಹೋಗಿ ಕೆಳಗಿನ ರಸ್ತೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಅದನ್ನ ನಾನು ಮಾಡಿಸಿದ್ದಲ್ಲ" ಎಂದು ಮೇಡಂ ಕಡೆ ತಿರುಗಿದರು. ರಸ್ತೆ ನಗರಸಭೆಯದು. ಮೇಡಂ ಫೈಲು ಮುಚ್ಚಿ, ಮಗುವಿಗೆ ಪಾಠ ಹೇಳಿಕೊಡಬೇಕೆಂದು ಅವಸರದಲ್ಲಿ ಹೊರಟರು.

ಮರುದಿನ ಬೆಳಿಗ್ಗೆ ಬಾಗಿಲ ಬಳಿಯ ಚಪ್ಪಲಿಗಳೆಲ್ಲ ಸಾಲಾಗಿ ನಿಂತಿದ್ದವು. ಅದೇ ವಾರ ಅಪ್ಪ ಇಟ್ಟಿಗೆ, ಸಿಮೆಂಟು ತರಿಸಿ, ಸ್ಟ್ಯಾಂಡು ಇನ್ನು ಯಾರ ಕೈಗೂ ಅಲ್ಲಾಡದಂತೆ ತಾರಸಿಯ ಮೇಲೊಂದು ಗಿಡ್ಡ ಕಂಬ ಕಟ್ಟಿದರು. ದಿಕ್ಕನ್ನು ಭಾವ ಲ್ಯಾಪ್‌ಟಾಪು ನೋಡಿ ಹೇಳಿದರು, ಅಪ್ಪ ಅದರಂತೆ ಇಟ್ಟಿಗೆ ಇಟ್ಟರು. ಮೋಟುಗೋಡೆಯ ಕಡೆ ಕಣ್ಣು ಹೋಗದಂತೆ ಅದಕ್ಕೆ ಬೆನ್ನು ಮಾಡಿ ಕೂತಿದ್ದರು.

"ಇಷ್ಟು ವರ್ಷದಲ್ಲಿ ಇದೊಂದೇ ನಾನು ಸೊಟ್ಟ ಕಟ್ಟಿದ್ದು" ಎಂದರು ಕೊನೆಯ ಇಟ್ಟಿಗೆ ಇಟ್ಟು. "ಅಳಿಯಂದ್ರಿಗೋಸ್ಕರ ಅಂತ. ಹೊರಗೆ ಹೇಳ್ಬೇಡಿ."

ನೀಹಾರಿಕೆಯ ಫೋಟೊ ಬಂತು. ನಸುಗೆಂಪು ಹೊಗೆಯ ನಡುವೆ ನಕ್ಷತ್ರಗಳು ಒಂದೊಂದೂ ದುಂಡನೆಯ ಚುಕ್ಕೆ. ಚೌಕಟ್ಟು ಹಾಕಿಸಿ, ಅಪ್ಪ ಹೊಡೆದ ಮೊಳೆಗೇ ತೂಗುಹಾಕಿದೆವು. ಮ್ಯಾನೇಜರು ಬಂದು ನೋಡಿ, ಸಾಲ ಮಂಜೂರು ಮಾಡುವವರ ಹಾಗೆ ಒಮ್ಮೆ ತಲೆಯಾಡಿಸಿದರು. ಅಪ್ಪ ತುಂಬ ಹೊತ್ತು ನೋಡಿದರು. ಆಮೇಲೆ ಚೌಕಟ್ಟಿನ ಕೆಳಮೂಲೆಗೆ ಒಂದು ಬೆರಳಿಟ್ಟು ಸ್ವಲ್ಪವೇ ಮೇಲಕ್ಕೆ ತಳ್ಳಿ, "ಹಾಂ, ಈಗ ಸರಿ" ಎಂದು ತಿಂಡಿಗೆ ಕೂತರು.

ಆ ಮೊಳೆಯಲ್ಲಿ ಏನೋ ದೋಷವಿರಬೇಕು ಎಂದು ನನಗೆ ಅನ್ನಿಸತೊಡಗಿತು. ದಿನವೂ ಬೆಳಿಗ್ಗೆ ನೋಡಿದರೆ ಫೋಟೊ ಒಂದು ಕಡೆಗೆ ವಾಲಿರುತ್ತದೆ, ಅಪ್ಪ ಮೇಲೆ ಬಂದು ಸರಿಮಾಡುತ್ತಾರೆ. ಅಪ್ಪ ಹೊಡೆದ ಮೊಳೆ ಹೀಗೆ ಮಾಡುವುದು ಯಾರಿಗೂ ಒಳ್ಳೆಯದಲ್ಲವೆಂದು, ಅವರಿಲ್ಲದ ಹೊತ್ತು ನೋಡಿ ಪಕ್ಕದಲ್ಲೊಂದು ಮೊಳೆ ಹೊಡೆಯಲು ನಾನೇ ಸುತ್ತಿಗೆ ತಂದೆ. ಅಕ್ಕ ಬಂದು ಕೈ ಹಿಡಿದಳು.

"ಸುಮ್ನಿರು, ಮೊಳೆ ಗಟ್ಟಿಯಾಗೇ ಇದೆ. ನಿಮ್ಮ ಭಾವ ದಿನಾ ಆಫೀಸಿಗೆ ಹೋಗೋ ಮುಂಚೆ ಅದನ್ನ ಒಂದು ಬೆರಳಷ್ಟು ಓರೆ ಮಾಡಿ ಹೋಗ್ತಾರೆ. ಅಪ್ಪ ಮೇಲೆ ಬರ್ಬೇಕಲ್ಲ."